ಗೋಡೆಯ ಮೇಲಿನ ಚಿಲಕ

ಅಗೋ, ಮತ್ತೆ ಸೈಕಲ್ ಬೆಲ್ಲು, ಟ್ರಿಂಗ್ ಟ್ರಿಂಗ್, ಗೋಡೆಯಾಚೆಯಿಂದ, ಬಾರಿಸಿಕೊಳ್ಳಿ ಸ್ವಾಮಿ, ಬಾರಿಸಿಕೊಳ್ಳಿ, ಆದರೆ ಆ ಗೋಡೆಗೆ ಎದೆ ಕೊಟ್ಟು ನಿಂತ ಗಂಡು ಇಡೀ ಊರಿಗೆ ಒಬ್ಬನೇ, ಅವನು ಇಲ್ಲಿ ಸೋದರತ್ತೆಯ ಹೊಲಿಗೆ ಕೋಣೆಯಲ್ಲಿ ಬಟ್ಟೆಗಂಟಿನ ಮೇಲೆ ಕಾಲು ಚಾಚಿ ಕೂತಿದ್ದಾನೆ, ಕೇಳಿಲ್ಲವೇ ನೀವು, ಹಾಗಾದರೆ ಕಿವಿ ಕೊಡಿ: ಇವತ್ತು ಬೆಳಿಗ್ಗೆ ಹೊಸ ವಾಕಿಂಗ್ ರಸ್ತೆಯ ಉದ್ಘಾಟನೆಯ ರಿಬ್ಬನ್ನಿನ ಮುಂದೆ ಸ್ಲೋ ಮೋಷನ್ನಿನಲ್ಲಿ ನಡೆದು ಬಂದವನು ಇವನೇ, ರೈಲು ನಿಂತಿರ್ಬಹುದು ಸಾರ್, ಹಳಿ ಪಕ್ಕ ಬೆಳ್ದವ್ರ ರಕ್ತ ಇನ್ನೂ ಓಡ್ತಾ ಇದೆ ಎಂದು ಡೈಲಾಗ್ ಒಗೆದವನು ಇವನೇ, ಕತ್ತರಿ ಹಿಡಿದಿದ್ದ ದೊಡ್ಡ ಮನುಷ್ಯನ ಕೈ ಗಡಗಡ — ಹೀಗೆಯೇ ಹೇಳಬೇಕು ಸಂಜೆ ಗೆಳೆಯರಿಗೆ, ಗಡಗಡ ಅಂತ ಸೇರಿಸಿದರೆ ಶಿಳ್ಳೆ ಗ್ಯಾರಂಟಿ. ಅತ್ತೆ ಯಾಕೆ ಮಿಷನ್ನು ತುಳಿಯುತ್ತಿಲ್ಲ. ಸೀಮೆಎಣ್ಣೆ ವಾಸನೆ. ಅತ್ತ ನೋಡಬಾರದು, ಟ್ರಿಂಗ್ ಟ್ರಿಂಗ್, ಥೂ ಇವರ ಬೆಲ್ಲಿಗಿಷ್ಟು, ಇದು ಬೆಲ್ಲು ಬಾರಿಸುವ ಜಾಗವೇ, ಇದು ರೈಲು ಕೂಗುತ್ತಿದ್ದ ಜಾಗ, ಕೂಗಿದರೆ ಕಪಾಟಿನ ಲೋಟಗಳು ತಾವಾಗಿಯೇ ಮುಂದೆ ಬಂದು ಹಾಜರಿ ಹಾಕುತ್ತಿದ್ದವು, ಈ ಸಾಲು ಮನೆಯವರು ಆಡುತ್ತಿದ್ದ ಮಾತನ್ನು ಅಲ್ಲಿಗೇ ನಿಲ್ಲಿಸಿ ಬಾಯಿ ತೆರೆದುಕೊಂಡೇ ಕಾದು, ಕೊನೆಯ ಡಬ್ಬಿ ದಾಟಿದ ಮೇಲೆ ನಿಲ್ಲಿಸಿದ್ದ ಪದದಿಂದಲೇ ಶುರು ಮಾಡುತ್ತಿದ್ದರು, ಮಾವ ಹೆಣ್ಣು ನೋಡಲು ಬಂದಾಗ ಅತ್ತೆ ನಂಗಿಷ್ಟ ಅಂದಳಂತೆ, ಗೂಡ್ಸ್ ಗಾಡಿ ಬಂತಂತೆ, ಮಾವ ಬೆವೆತು ನೀರಾದ ಮೇಲೆ, ಇಲ್ಲ ಅಂತ ಯಾರ್ ಹೇಳಿದ್ದು ಅಂದಳಂತೆ. ಅಂಥ ರೈಲನ್ನು ಸಹಿಸಿದ್ದು ಯಾರು, ಹೊಗೆ ಕುಡಿದದ್ದು ಯಾರು, ಒಣಹಾಕಿದ ಬಿಳಿ ಬಟ್ಟೆ ಕರಿಯಾದಾಗ ಮತ್ತೆ ಒಗೆದದ್ದು ಯಾರು, ಈಗ ಹಳಿ ಕಿತ್ತು, ನುಣ್ಣಗೆ ರಸ್ತೆ ಎಳೆದು, ಬೆಂಚು ಹಾಕಿ, ಗಿಡ ನೆಟ್ಟ ಮೇಲೆ, ನಮಗೆ ಗೋಡೆ. ಊಟ ಅವರಿಗೆ, ಮುಸುರೆ ನಮಗೆ ಅಂದ ಹಾಗೆ.

ಯಾಕೆ ಗೋಡೆ ಅಂದರೆ ವಾಕಿಂಗಿನವರ ಕಣ್ಣಿಗೆ ನಮ್ಮ ಹಿತ್ತಿಲು ಚೆನ್ನಾಗಿ ಕಾಣುವುದಿಲ್ಲವಂತೆ, ಬಚ್ಚಲ ಪೈಪು, ಒಣಗುವ ಲಂಗ, ಮುರುಕು ಬಕೆಟ್ಟು, ಅಯ್ಯೋ ರಾಜಕುಮಾರರೇ, ನಿಮ್ಮ ಮನೆಯಲ್ಲಿ ಬಚ್ಚಲಿಲ್ಲವೇ, ನೀವೇನು ಮೋಡದ ಮೇಲೆ ಸ್ನಾನ ಮಾಡುತ್ತೀರಾ. ರೈಲು ನಿಂತ ಮೇಲೆ ಆ ಹಳಿಯ ಮೇಲೇ ತಾನೇ ಜನ ನಡೆದು ಬಂದು ಅತ್ತೆಯ ಹಿಂಬಾಗಿಲು ತಟ್ಟುತ್ತಿದ್ದದ್ದು, ಅಕ್ಕಾ ಝಿಪ್ಪು ಹೋಯ್ತು, ಅಕ್ಕಾ ಮಗು ಉದ್ದ ಆಯ್ತು ಅಂಗಿ ಮಡಿಕೆ ಬಿಚ್ಚಿ ಕೊಡು, ಆ ಹಸಿರು ಬಾಗಿಲಿನ ಸೊಟ್ಟ ಚಿಲಕ ಸವೆದು ಚಿನ್ನದ ಹಾಗೆ ಹೊಳೆಯುತ್ತಿತ್ತು, ಅದೇ ಅತ್ತೆಯ ಅಂಗಡಿ, ಅದೇ ಅನ್ನ, ಮುಂಬಾಗಿಲ ಗಲ್ಲಿಯಲ್ಲಿ ಎದುರಿಗೊಬ್ಬರು ಬಂದರೆ ಇನ್ನೊಬ್ಬರು ಹಿಮ್ಮುಖ ನಡೆಯಬೇಕು, ಅಲ್ಲಿಗೆ ಯಾವ ಗಿರಾಕಿ ಬಂದಾನು. ಎಂಜಿನಿಯರು ಎದೆ ಮುಟ್ಟಿಕೊಂಡು ಹೇಳಿದ್ದ, ಅಮ್ಮಾ ನಿಮ್ ಬಾಗ್ಲು ಎಲ್ಲೂ ಹೋಗಲ್ಲ, ಅಲ್ಲೇ ಇರುತ್ತೆ, ನನ್ ಮಾತು ಅಂದ್ರೆ ಮಾತು. ಉಳಿಸಿಕೊಂಡ ಪುಣ್ಯಾತ್ಮ, ಮಾತು ಉಳಿಸಿಕೊಂಡ, ಬಾಗಿಲು ಇರುವಲ್ಲಿಯೇ ಗೋಡೆ ಎಬ್ಬಿಸಿ, ಗೋಡೆಯ ಆ ಬದಿಯಲ್ಲಿ ಅದೇ ಬಾಗಿಲಿನ ಚಿತ್ರ ಬರೆಸಿದ, ಅದೇ ಹಸಿರು, ಅದೇ ಸೀಳು ಹಲಗೆ, ಪಕ್ಕದಲ್ಲಿ ಅತ್ತೆ ಜನ್ಮದಲ್ಲಿ ಇಟ್ಟಿರದ ಒಂದು ಹೂಕುಂಡ. ವಿಲನ್ ಅಂದರೆ ಹೀಗಿರಬೇಕು, ಕತ್ತು ಕೊಯ್ದು ಹಾರ ಹಾಕುವವನು. ಅದಕ್ಕೇ ನಿನ್ನೆ ಇವನು ಮಿಷನ್ನಿನ ಮೇಲೆ ಕೈ ಗುದ್ದಿ ಹೇಳಿದ್ದು, ಅತ್ತೆ, ನಾಳೆ ಆ ಬಾಗ್ಲು ತೆರೆಸ್ದೆ ಇದ್ರೆ ನಿನ್ ಅಳಿಯ ಅನ್ಬೇಡ ನನ್ನ. ಅತ್ತೆ ದಾರ ಕಚ್ಚಿಕೊಂಡು ನಕ್ಕಳು, ನಿನ್ ಸಿನಿಮಾ ಬಿಡ್ಸಿ ಸಂಬಳದ ಕೆಲ್ಸಕ್ಕೆ ಹಾಕ್ಬೇಕು ಕಣೋ ಎಂದಳು, ಆಮೇಲೆ, ತುಂಬ ಹೊತ್ತಾದ ಮೇಲೆ, ನಿಜ್ವಾಗ್ಲೂ ತೆರೆಸ್ತೀಯೇನೋ.

ಆ ದನಿಯನ್ನು ಗೆಳೆಯರಿಗೆ ಹೇಳುವುದು ಬೇಡ, ಇಂಟರ್ವೆಲ್ ಆದ ಮೇಲಿನ ಕಥೆ ಎಲ್ಲರಿಗೂ ಬೇಡ, ಡೈಲಾಗು, ಕತ್ತರಿ, ಗಡಗಡ, ಅಷ್ಟು ಸಾಕು — ಡೈಲಾಗ್ ಎಲ್ಲಿ ಹೇಳಿದ ಇವನು, ಬಚ್ಚಲ ಕನ್ನಡಿಗೆ ಹೇಳಿದ. ರಿಬ್ಬನ್ನಿನ ಹತ್ತಿರ ಹೋಗಲೇ ಇಲ್ಲ. ಹೋದದ್ದು ಗೋಡೆಯ ಹತ್ತಿರ, ಇನ್ನೂ ಜನ ಸೇರುವ ಮೊದಲು, ಕರಿ ಬಣ್ಣದ ಡಬ್ಬಿ ಹಿಡಿದು, ಆ ಚಿತ್ರದ ಮೇಲೆ ಇಲ್ಲಿ ನಿಜವಾದ ಬಾಗಿಲಿತ್ತು ಎಂದು ಆಳೆತ್ತರ ಬರೆಯಲು. ಅಷ್ಟರಲ್ಲಿ ಕಾವಲಿನವನು, ಏಯ್ ಯಾರೋ ನೀನು. ಸಿಂಹದ ಮರಿ ಎನ್ನಬೇಕಿತ್ತು, ಪೇಂಟಿಂಗ್ ಕಡೆಯವ್ನು ಅಣ್ಣಾ ಎಂದಿತು ಬಾಯಿ. ಸ್ಟೂಲಿನ ಮೇಲಿದ್ದ ಚಿತ್ರಗಾರ್ತಿ ತಿರುಗಿ ನೋಡಿ, ಬಂದ್ಯಾ, ಸದ್ಯ, ಚಿಲಕ ಒಂದು ಉಳ್ಕೊಂಡಿದೆ ಮುಗ್ಸಿಬಿಡಪ್ಪ, ಎಂದು ಹಳದಿಯಲ್ಲಿ ಅದ್ದಿದ ಬ್ರಷ್ಷು ಕೈಗಿತ್ತಳು. ಇವನು ಬಳಿದ. ಕಾವಲಿನವನು ನೋಡುತ್ತಿದ್ದನಲ್ಲ, ಬಳಿದ, ಸೊಟ್ಟ ಎಲ್ಲಿ, ಸವೆತ ಎಲ್ಲಿ, ಬೆರಳು ತಾಗಿ ತಾಗಿ ಹೊಳೆಯುವುದೆಲ್ಲಿ, ಚಿತ್ರಗಾರ್ತಿಗೆ ಗೊತ್ತಿರಲಿಲ್ಲ, ಇವನಿಗೆ ಗೊತ್ತಿತ್ತು, ಕಣ್ಣು ಮುಚ್ಚಿದರೂ ಗೊತ್ತಿತ್ತು, ಎಷ್ಟು ಚೆನ್ನಾಗಿ ಬಳಿದನೆಂದರೆ ಅವಳೇ ಭೇಷ್ ಎಂದಳು, ಇವನಿಗೆ ಖುಷಿಯಾಯಿತು, ನಾಚಿಕೆಗೆಟ್ಟ ಖುಷಿ. ರಿಬ್ಬನ್ ಕತ್ತರಿಸಿದರು. ದೊಡ್ಡವರೆಲ್ಲ ನಡೆದು ಬಂದರು. ಆಗ ಅತ್ತೆ, ದೂರದ ಗೇಟಿನಿಂದ ಸುತ್ತಿ ಬಂದು, ಒಳ್ಳೆ ಚಪ್ಪಲಿ ಮೆಟ್ಟಿಕೊಂಡು, ಸೂಜಿಗೆ ದಾರ ಪೋಣಿಸಿ ಪೋಣಿಸಿ ಮಂಜಾದ ಕಣ್ಣು ಕಿರಿದು ಮಾಡಿ, ಹಸಿರು ಬಾಗಿಲು ನೋಡಿದಳು, ಹೊಳೆಯುವ ಚಿಲಕ ನೋಡಿದಳು, ಜನರ ನಡುವೆ ಇವನನ್ನು ಹುಡುಕಿ, ಮಾಡ್ಬಿಟ್ಯಲ್ಲೋ ಎಂದಳು, ಅಷ್ಟು ಜನ ಕೇಳುವ ಹಾಗೆ, ಹೋಗಿ ಚಿಲಕಕ್ಕೆ ಕೈ ಹಾಕಿದಳು. ಜನ ನಕ್ಕರು, ಆಮೇಲೆ ಚಿತ್ರ ಅಷ್ಟು ಚೆನ್ನಾಗಿದೆ ಎಂದು ಚಪ್ಪಾಳೆ ತಟ್ಟಿದರು, ಎಂಜಿನಿಯರೂ ತಟ್ಟಿದ, ಕಾವಲಿನವನು ಇವನತ್ತ ನೋಡಿದ, ಇವನೂ ತಟ್ಟಿದ. ಅತ್ತೆ ಏನೋ ಹೇಳಲು ಬಾಯಿ ತೆರೆದವಳು ಹಾಗೆಯೇ ನಿಂತಳು, ರೈಲು ದಾಟಲಿ ಎಂದು ಕಾಯುವ ಹಾಗೆ. ಇನ್ನೂ ಹೇಳಿಲ್ಲ. ಮಿಷನ್ನಿನ ಮುಂದೆ ಯಾರದೋ ಬಿಳಿ ಅಂಗಿ ಮುಟ್ಟದೆ ಕೂತು, ಸೀಮೆಎಣ್ಣೆಯ ಬಟ್ಟೆಯಿಂದ ಕೈ ಉಜ್ಜುತ್ತಿದ್ದಾಳೆ, ಹೋಗುತ್ತಿಲ್ಲ, ನಾಲ್ಕು ಬೆರಳು, ಹಳದಿ, ಟ್ರಿಂಗ್ ಟ್ರಿಂಗ್, ಉಜ್ಜುತ್ತಿದ್ದಾಳೆ, ನಾಲ್ಕು ಬೆರಳು, ಹಳದಿ —