ದಾದಿಯ ಹೆಬ್ಬೆರಳು

ಲ್ಯಾಪ್‌ಟಾಪಿನಲ್ಲಿ ಇಸಿಜಿಯ ಹಸಿರು ಗೆರೆ ಮತ್ತೆ ನಡುಗಿತು, ಎತ್ತರದ ಮೊನೆಗಳ ನಡುವೆ ಸಣ್ಣ ಸಣ್ಣ ಅಲೆ, ನಿಪ್ಪಾಣಿ ಸಂತೆಯ ಗದ್ದಲದ ಹಾಗೆ, ಅದರ ಕೆಳಗೆ ನಾನೇ ಬರೆದ ಪ್ರೋಗ್ರಾಮು ನಾನೇ ಆರಿಸಿದ ಕೆಂಪು ಅಕ್ಷರದಲ್ಲಿ ಹೇಳುತ್ತಿದೆ, ಲಯ ಅಸಹಜ, ಹೃದಯದ ಮೇಲಿನ ಕೋಣೆ ಕಂಪಿಸುತ್ತಿದೆ — ಎಷ್ಟು ಧೈರ್ಯ ಇದಕ್ಕೆ, ಮಣಿಕಟ್ಟಿಗೆ ಕ್ಲಿಪ್ಪು ಕಚ್ಚಿಸಿಕೊಂಡು ಮಂಚದ ಮೇಲೆ ಮಲಗಿರುವುದು ಸರ್ವರಬಿ, ನನ್ನ ದಾದಿ, ಅಪ್ಪನ ಅಮ್ಮ, ಬೆಳಿಗ್ಗೆ ತನ್ನ ರೊಟ್ಟಿ ಮುಗಿಸಿ ನನ್ನ ತಟ್ಟೆಗೂ ಕೈ ಹಾಕಿದವಳು. ಏನಂತೈತಿ ಬೇಟಾ ನಿನ್ನ ಡಬ್ಬಿ, ಏನಿಲ್ಲ ದಾದಿ, ಮಾತಾಡಬ್ಯಾಡ, ಹಂಗ ಮಲ್ಕೋ. ಬಾಗಿಲಲ್ಲಿ ರಿಯಾಜ ಚಾಚಾ ಚಹಾ ಹೀರುತ್ತ, ಅಮ್ಮಾಗ ಹೃದಯ ಐತಿ ಅಂತ ಇವತ್ತ ಗೊತ್ತಾತು ಅರ್ಶಿಯಾ, ನಮ್ಮನ್ನ ಬಡಿಯೂವಾಗ ಕಂಡಿರಲಿಲ್ಲ. ನಗಬೇಕು, ನಗಲಾಗುತ್ತಿಲ್ಲ, ಇದು ನಿಜವಾದರೆ ನಾಳೆಯೇ ಮಿರಜಿನ ಆಸ್ಪತ್ರೆ, ಸುಳ್ಳಾದರೆ ನನ್ನ ಸಂಶೋಧನೆಯೇ ಸುಳ್ಳು — ಸುಳ್ಳಾಗಲಿ, ಯಾ ಅಲ್ಲಾ, ತನ್ನ ಪ್ರೋಗ್ರಾಮು ತಪ್ಪಾಗಲೆಂದು ದುವಾ ಮಾಡುವ ಹುಚ್ಚಿ ಇನ್ನೊಬ್ಬಳಿದ್ದಾಳೆಯೇ. ಕರೆಂಟಿನ ಗುಂಯ್ ಸದ್ದು ಸೋಸಿದೆ, ಉಸಿರಿನ ಏರಿಳಿತ ಸೋಸಿದೆ, ಆದರೂ ಅಲೆ ಉಳಿಯಿತು, ಮೊರದಲ್ಲಿ ಕೇರಿದ ಮೇಲೂ ಉಳಿಯುವ ಕಲ್ಲಿನಂತೆ, ಮೊರ ಎಂದರೆ ದಾದಿಯ ತೊಡೆಯ ಮೇಲಿನ ಮೊರ, ಬೀಡಿ ಎಲೆಯ ಕಮಟು, ತಂಬಾಕಿಗೆ ಬರುವ ಸೀನು, ನಾನು ಶಾಲೆಯಿಂದ ಬಂದರೆ ಅವಳು ತಲೆ ಎತ್ತದೆ ಸುತ್ತುತ್ತ, ಹೆಬ್ಬೆರಳಿನಿಂದ ಬೀಡಿಯ ಬಾಯಿ ಒಳಕ್ಕೆ ಮಡಚುತ್ತ, ಮಗ್ಗಿ ಹೇಳು, ಅನ್ನುವಳು, ತಪ್ಪಿದರೆ ಬೆರಳು ನಿಲ್ಲುತ್ತಿತ್ತು, ನಿಂತರೆ ನನಗೆ ಭಯ — ಬೆರಳು. ಗೆರೆ ಬಿಟ್ಟು ಕೈ ನೋಡುತ್ತೇನೆ, ಖಾಲಿ ಅಂಗೈ, ಎಲೆಯಿಲ್ಲ ತಂಬಾಕಿಲ್ಲ, ಬೀಡಿ ಸುತ್ತುವುದು ಬಿಟ್ಟು ವರ್ಷಗಳಾದವು, ಆದರೂ ಬೆರಳುಗಳು ಸುತ್ತುತ್ತಿವೆ, ಹೆಬ್ಬೆರಳು ಬಾಗಿ ಇಲ್ಲದ ಬಾಯಿಯನ್ನು ಮಡಚುತ್ತಿದೆ. ದಾದಿ, ಏನ್ ಮಾಡಾಕತ್ತಿ, ಏನ್ ಮಾಡ್ಲಿ, ಸುಮ್ನ ಮಲಗೇನಿ, ನಿನ್ನ ಕೈ ನೋಡು, ಅಯ್ಯ, ಅದರ ಪಾಡಿಗೆ ಅದು. ಚಾಚಾನ ಚಹಾ ನೆತ್ತಿಗೇರಿತು. ಅವಳ ಎರಡೂ ಕೈ ಅವಳದೇ ಸೊಂಟದ ಕೆಳಗೆ ಒತ್ತಿಟ್ಟೆ, ಕಳ್ಳನ್ನ ಕಟ್ಟಿದಂಗ ಕಟ್ಟತಿಯಲ್ಲ, ತಡಿ ದಾದಿ, ತಡಿ — ಗೆರೆ ತಣ್ಣಗಾಯಿತು, ಸಣ್ಣ ದಿನ್ನೆ, ಎತ್ತರದ ಮೊನೆ, ಮತ್ತೊಂದು ದಿನ್ನೆ, ಪುಸ್ತಕದಲ್ಲಿರುವ ಹಾಗೆ, ಕೆಂಪು ಅಕ್ಷರ ಹೋಗಿ ಹಸಿರು ಬಂತು, ಲಯ ಸಹಜ. ತೋಳಿನ ಸ್ನಾಯುವಿನ ನಡುಕವನ್ನು ಹೃದಯದ್ದೆಂದು ಓದಿದ ಪೆದ್ದು ಪ್ರೋಗ್ರಾಮೇ, ನಿನಗೆ ಇನ್ನೊಂದು ವರ್ಗ ಕಲಿಸಬೇಕು, ಸಹಜ, ಅಸಹಜ, ಬೀಡಿ, ಗೈಡ್ ಸರ್ ಏನನ್ನುತ್ತಾರೋ, ಅನ್ನಲಿ, ಕಲಿಸಲು ಮಾದರಿ ಬೇಕು, ದಾದಿ, ಈಗ ಕೈ ಹೊರಗ ತಗಿ, ಬೇಕಾದಷ್ಟು ಸುತ್ತು, ಎಲೀ ಎಲ್ಲೈತಿ ಸುತ್ತಾಕ, ನನಗೇನ್ ಹುಚ್ಚ ಹಿಡದೈತಿ, ಅನ್ನುತ್ತಾಳೆ, ಅನ್ನುತ್ತಿರುವಾಗಲೇ ಬೆರಳು ಸುತ್ತುತ್ತದೆ, ಗೆರೆ ನಡುಗುತ್ತದೆ, ಹೆಬ್ಬೆರಳು ಬಾಗುತ್ತದೆ, ಹೆಬ್ಬೆರಳು —