ಒಂಬತ್ತನೇ ಬೋರಿನ ಹೊಳಪು

ನಮ್ಮ ಶೆಡ್ಡಿನೊಳಗೆ ಒಂದು ಗಾದೆಗೆ ಪ್ರವೇಶವಿರಲಿಲ್ಲ. ಬೆಟ್ಟ ಅಗೆದು ಇಲಿ ಹಿಡಿದರು ಎಂಬುದು. ಎಂಟು ಬೋರು ಕೊರೆಸಿ ಎಂಟರಲ್ಲೂ ಹೆಚ್ಚುಕಡಿಮೆ ಇಲಿಯನ್ನೇ ಹಿಡಿದಿದ್ದ ನಮ್ಮ ಮುಖ್ಯಸ್ಥರು ಆ ಮಾತು ಆಡಿದವರಿಗೆ ಮೂರು ದಿನ ಮುಖ ಕೊಡುತ್ತಿರಲಿಲ್ಲ. ಕೊರೆಯುವವರು ಅವರಿಗೆ ಇಟ್ಟ ಹೆಸರು ‘ಇನ್ನೊಂದು ಮೀಟರ್’. ಸಂಜೆ ಯಂತ್ರ ನಿಲ್ಲಿಸಲು ಮೇಸ್ತ್ರಿ ಕೈ ಎತ್ತಿದರೆ ಸಾಕು, “ಇನ್ನೊಂದು ಮೀಟರ್ ಹೋಗಿಬಿಡಿ, ಕೆಳಗಿದೆ” ಅನ್ನುತ್ತಿದ್ದರು. ಏನಿದೆ ಅಂತ ಯಾರೂ ಕೇಳುತ್ತಿರಲಿಲ್ಲ.

ನಾವು ಹುಡುಕುತ್ತಿದ್ದದ್ದು ವಿರಳ ಭೂಲೋಹಗಳನ್ನು. ಫೋನಿನಿಂದ ಹಿಡಿದು ಗಾಳಿಯಂತ್ರದವರೆಗೆ ಎಲ್ಲದರ ಆಯಸ್ಕಾಂತಕ್ಕೂ ಅವು ಬೇಕು. ಯಂತ್ರ ನೆಲದೊಳಗಿಂದ ಮುಂಗೈ ದಪ್ಪದ ಕಲ್ಲಿನ ಕೋಲನ್ನು ಹೊರಗೆಳೆಯುತ್ತದೆ. ಅದನ್ನು ಮುರಿದಂತೆ ಮುರಿದಂತೆ ಮರದ ಪೆಟ್ಟಿಗೆಗಳಲ್ಲಿ ಸಾಲಾಗಿ ಮಲಗಿಸುತ್ತಾರೆ. ಎಷ್ಟನೇ ಮೀಟರಿನಲ್ಲಿ ಎಂಥ ಕಲ್ಲು ಎಂದು ಬರೆಯುವುದು ನನ್ನ ಕೆಲಸ. ಆಮೇಲೆ ಗರಗಸದಣ್ಣ ಕೋಲನ್ನು ಉದ್ದಕ್ಕೆ ಎರಡು ಸೀಳು ಮಾಡುತ್ತಾನೆ. ಗಟ್ಟಿಯಿದ್ದರೆ ಗರಗಸ, ಮೆತ್ತಗಿದ್ದರೆ ಉಳಿ. ಒಂದು ಸೀಳು ಚೀಲಕ್ಕೆ ಬಿದ್ದು ಪ್ರಯೋಗಾಲಯಕ್ಕೆ ಹೋಗುತ್ತದೆ. ಇನ್ನೊಂದು ಪೆಟ್ಟಿಗೆಯಲ್ಲೇ ಸಾಕ್ಷಿಯಾಗಿ ಉಳಿಯುತ್ತದೆ.

ಅತ್ತೆಯನ್ನು ಶೆಡ್ಡಿಗೆ ನಾನು ಕರೆತರಲಿಲ್ಲ. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ನಾವಿಬ್ಬರು. ಐದು ತಿಂಗಳು ಅತ್ತೆ ಮಾತಾಡಲಿಲ್ಲ, ನಾನೂ ಆಡಲಿಲ್ಲ. ಹಾಗಾಗಿ ಜಗಳವೂ ಇರಲಿಲ್ಲ. ಒಂದು ದಿನ ನಾನು ಮರೆತು ಬಂದ ಊಟದ ಡಬ್ಬಿ ಹಿಡಿದು ಅವರು ನಡೆದೇ ಬಂದರು. ಬಾಗಿಲಲ್ಲಿ ನಿಂತು ಆ ಕೊನೆಯಿಂದ ಈ ಕೊನೆಯವರೆಗೆ ಪೆಟ್ಟಿಗೆಗಳನ್ನು ನೋಡಿದರು.

“ಇಷ್ಟು ಕಲ್ಲಿದೆ, ಒಂದು ಪೊರಕೆ ಇಲ್ವಾ?”

ಐದು ತಿಂಗಳಲ್ಲಿ ಅವರ ಮೊದಲ ಮಾತು ಅದು. ಮರುದಿನ ಪೊರಕೆ ತಂದರು. ಅದರ ಮರುದಿನ ಕುರ್ಚಿ. ಗರಗಸದಣ್ಣ ಅವರನ್ನು ಅತ್ತೆ ಅಂದ, ಮೇಸ್ತ್ರಿ ಅತ್ತೆ ಅಂದ, ಕೊನೆಗೆ ಅವರಿಗಿಂತ ಎರಡು ವರ್ಷ ದೊಡ್ಡವರಾದ ಮುಖ್ಯಸ್ಥರೂ ಅತ್ತೆ ಅಂದರು.

“ನಿನ್ನ ಮಿಷನ್ನು ದಿನಕ್ಕೆ ಎಷ್ಟು ಆಳ ಇಳಿಯುತ್ತಪ್ಪಾ?” ಎಂದು ಅತ್ತೆ ಮೇಸ್ತ್ರಿಯನ್ನು ಕೇಳಿದರು.

“ಮೂವತ್ತು ಮೀಟರ್ ಅತ್ತೆ, ಕಲ್ಲು ಒಳ್ಳೇದಿದ್ರೆ.”

“ಅಷ್ಟೇನಾ? ನನ್ನ ಸೊಸೆ ಬಾಯಿಂದ ಒಂದು ಮಾತು ತೆಗೀಬೇಕಂದ್ರೆ ಅದರ ಎರಡರಷ್ಟು ಕೊರೀಬೇಕು.”

ಎಲ್ಲರೂ ನಕ್ಕರು. ನಾನು ಬರೆಯುತ್ತಿದ್ದೆ. ಸಂಜೆ ಶೆಡ್ಡಿಗೆ ಬೀಗ ಬಿದ್ದ ಕೂಡಲೇ ಅತ್ತೆಯ ಬಾಯಿಗೂ ಬೀಗ ಬೀಳುತ್ತಿತ್ತು. ಮನೆಯಲ್ಲಿ ಮತ್ತೆ ಗೋಡೆ ನೋಡುತ್ತ ಕೂರುತ್ತಿದ್ದರು. ಆ ದಿನಗಳಲ್ಲಿ ನನಗೆ ಬೇಕು ಅನ್ನಿಸುವ ಸಂಗತಿಗಳು ಬಹಳ ಇರಲಿಲ್ಲ. ಇದ್ದದ್ದು ಒಂದು: ಬೆಳಿಗ್ಗೆ ಎಂಟಕ್ಕೆ ಅತ್ತೆ ನನ್ನ ಜೊತೆ ಹೊರಡಬೇಕು.

ಒಂಬತ್ತನೇ ಬೋರು ಮುಗಿಯುವ ಹೊತ್ತಿಗೆ ದುಡ್ಡು ಹಾಕಿದ ಕಂಪನಿಯ ತಾಳ್ಮೆಯೂ ಮುಗಿಯುತ್ತ ಬಂದಿತ್ತು. ಅವರ ಪರಿಣತರೊಬ್ಬರು ಯಾವಾಗ ಬೇಕಾದರೂ ಬಂದುಬಿಡಬಹುದು, ಈ ಬೋರೂ ಕೈ ಕೊಟ್ಟರೆ ಶಿಬಿರ ಎತ್ತುವುದೇ ಎಂದು ಸುದ್ದಿ. ಮುಖ್ಯಸ್ಥರು ಮೇಜಿನ ಮೇಲೆ ಗುದ್ದಿ ಹೇಳಿದರು: “ಯಾವತ್ತು ಬಂದ್ರೂ ಇಲ್ಲಿ ಎಲ್ಲಾ ಹೊಳೀತಿರಬೇಕು. ಎಲ್ಲಾ!” ಅತ್ತೆ ತಲೆಯಾಡಿಸಿದ್ದು ನನಗೆ ನೆನಪಿದೆ. ಆಮೇಲೆ ಎರಡು ದಿನ ನನಗೆ ಜ್ವರ. ಮನೆಯಲ್ಲಿ ಮಲಗಿದ್ದೆ. ಅತ್ತೆ ಗಂಜಿ ಕಾಯಿಸಿಟ್ಟು ಶೆಡ್ಡಿಗೆ ಹೋದರು. ನಾನು ಹಿಂತಿರುಗಿದಾಗ ಚೀಲಗಳನ್ನು ಕಟ್ಟಿಯಾಗಿತ್ತು. ಉಳಿದ ಸೀಳುಗಳಲ್ಲಿ ಒಂದೆರಡು ಪೆಟ್ಟಿಗೆ ಸ್ವಲ್ಪ ಮಿನುಗುತ್ತಿದ್ದಂತೆ ಕಂಡಿತು. ಕಂಡದ್ದನ್ನು ಕೇಳಬೇಕಿತ್ತು. ಕೇಳಲಿಲ್ಲ.

ಪರಿಣತರು ಆ ವಾರ ಬರಲಿಲ್ಲ. ಮೂರು ವಾರದ ಮೇಲೆ ಫಲಿತಾಂಶದ ಕಾಗದ ಬಂತು.

ಮುಖ್ಯಸ್ಥರು ಕೊನೆಯ ಪುಟದ ಒಟ್ಟು ಮೊತ್ತ ಮಾತ್ರ ಓದುವವರು. ನಲವತ್ತೆರಡರಿಂದ ಐವತ್ತನೇ ಮೀಟರಿನ ತನಕ ನೂರಕ್ಕೆ ನಾಲ್ಕು ಭಾಗ ವಿರಳ ಲೋಹ. ಅಂಥದ್ದನ್ನು ನಾವು ಪಾಠಪುಸ್ತಕದಲ್ಲಿ ಮಾತ್ರ ನೋಡಿದ್ದೆವು. ಅವರು ಮೇಸ್ತ್ರಿಯನ್ನು ತಬ್ಬಿದರು, ಗರಗಸದಣ್ಣನನ್ನು ಎತ್ತಲು ಹೋಗಿ ಸೊಂಟ ಹಿಡಿದುಕೊಂಡರು, ನನ್ನ ಎದುರು ಬಂದಾಗ ನಾನು ಯಾರೆಂದು ನೆನಪಾಗಿ, ಚಾಚಿದ ಎರಡೂ ಕೈಗಳಿಂದ ಮೇಜಿನ ಫ್ಯಾನನ್ನು ಸರಿಮಾಡಿದರು. ಗಂಡ ಹೋದ ಮೇಲಿನ ಎಂಟು ತಿಂಗಳಿಂದ ಜನ ನನ್ನ ಎದುರು ಏನಾದರೊಂದನ್ನು ಸರಿಮಾಡುತ್ತಲೇ ಇದ್ದರು.

“ಮಂಗಳವಾರ ಬರ್ತಾರಂತೆ! ಫೋನ್ ಮಾಡಿಬಿಟ್ಟೆ!” ಅಂದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿಯಾಗಿತ್ತು.

ನಾನು ಕಾಗದವನ್ನು ಮೊದಲ ಪುಟದಿಂದ ಓದಿದೆ.

ವಿರಳ ಭೂಲೋಹಗಳದ್ದು ಕೂಡು ಕುಟುಂಬ. ಸುಮಾರು ಹದಿನೈದು ಜನ, ಬೇರೆ ಮನೆ ಮಾಡುವುದು ಗೊತ್ತೇ ಇಲ್ಲ. ಒಬ್ಬ ಒಂದು ಕಲ್ಲಿನಲ್ಲಿ ಇದ್ದಾನೆಂದರೆ ಮಿಕ್ಕವರೂ ಅಲ್ಲೇ ಎಲ್ಲೋ ಚಾಪೆ ಹಾಸಿರುತ್ತಾರೆ. ಸೀರಿಯಂ ಆ ಮನೆಯ ದೊಡ್ಡ ಭಾವ. ಅರ್ಧ ಜಾಗ ಅವನದೇ, ಸಂಪಾದನೆ ಅಷ್ಟಕ್ಕಷ್ಟೆ. ನಿಯೋಡಿಮಿಯಂ ಕಿರಿ ಸೊಸೆ. ಕಣ್ಣಿಗೆ ಬೀಳುವುದು ಕಡಿಮೆ, ಮನೆ ನಡೆಯುವುದು ಅವಳಿಂದ. ಆಯಸ್ಕಾಂತಕ್ಕೆ ಬೇಕಾದವಳು ಅವಳೇ. ನಮ್ಮ ಕಾಗದದ ಆ ಎಂಟು ಮೀಟರುಗಳಲ್ಲಿ ಸೊಸೆ ಎಂದಿನಷ್ಟೇ ಇದ್ದಳು, ಅಂದರೆ ಇಲ್ಲದಂತೆಯೇ. ಮೈದುನರೂ ಅಷ್ಟೇ. ದೊಡ್ಡ ಭಾವ ಮಾತ್ರ ಒಬ್ಬನೇ ಬಂದು ನಡುಮನೆ ತುಂಬ ಕೂತಿದ್ದ.

ಪೆಟ್ಟಿಗೆಗಳ ಹತ್ತಿರ ಹೋಗಿ ಒಂದು ತುಂಡು ಎತ್ತಿದೆ. ಆ ಭಾಗದ ಕಲ್ಲು ಹಳಸಿದ ರೊಟ್ಟಿಯಂತೆ ಮೆತ್ತಗೆ, ತೂತು ತೂತು. ಮೇಲ್ಮೈ ನೀಟಾಗಿ ಹೊಳೆಯುತ್ತಿತ್ತು. ತೂತುಗಳೊಳಗೆ ಗುಲಾಬಿ ಮಿಶ್ರಿತ ಕಂದು ಬಣ್ಣದ ಪುಡಿ ಗಟ್ಟಿಯಾಗಿ ಕೂತಿತ್ತು.

ಆ ಬಣ್ಣ ನನಗೆ ಗೊತ್ತು. ನನ್ನ ಗಂಡನದು ಕನ್ನಡಕದ ಅಂಗಡಿ. ಗಾಜು ಉಜ್ಜುವ ಪುಡಿ ಅದು. ಅವನ ಉಗುರಿನ ಸಂದಿಯಿಂದ ಭಾನುವಾರವೂ ಹೋಗುತ್ತಿರಲಿಲ್ಲ. ಆ ಪುಡಿ ಎಂದರೆ ಸೀರಿಯಂ.

ತುಂಡನ್ನು ಹಿಡಿದುಕೊಂಡೇ ಅತ್ತೆಯ ಕುರ್ಚಿಯ ಹತ್ತಿರ ಹೋದೆ. ಈ ಸಲ ಕೇಳಿದೆ.

“ಅತ್ತೆ, ಈ ಪೆಟ್ಟಿಗೆ ಮುಟ್ಟಿದ್ರಾ?”

“ಮುಟ್ಟೋದೇನು, ಎರಡು ದಿನ ಉಜ್ಜಿ ರಟ್ಟೆ ಬಿದ್ದುಹೋಯ್ತು. ಸದ್ಯ, ಇವತ್ತಾದ್ರೂ ನಿನ್ನ ಕಣ್ಣಿಗೆ ಬಿತ್ತಲ್ಲ!”

“ಅಂಗಡಿ ಪುಡೀಲಾ?”

“ಮತ್ತೆ? ಡಬ್ಬಿ ತುಂಬ ಇತ್ತು. ಅಲ್ಲೇ ಕೊಳೀತಾ ಬಿದ್ದಿದ್ರೆ ಯಾರಿಗೆ ಬಂತು? ಇನ್ನೂ ಎಷ್ಟೋ ಪೆಟ್ಟಿಗೆ ಇತ್ತು, ಎರಡಕ್ಕೇ ಡಬ್ಬಿ ತಳ ಕಾಣಿಸ್ತು.”

“ಉಜ್ಜಿದ ಮೇಲೆ ತೊಳೀಲಿಲ್ವಾ?”

“ಮೆತ್ತಗಿನ ಕಲ್ಲಿಗೆ ನೀರು ಹುಯ್ಯಬೇಡಿ ಅಂತ ಹೇಳಿದ್ದು ಯಾರು? ನೀನೇ ತಾನೆ? ಒಣಬಟ್ಟೇಲಿ ಒರೆಸಿದೆ.” ಮುಖ ನೋಡಿದರು. “ಯಾಕೆ, ಚೆನ್ನಾಗಿಲ್ವಾ?”

“ಚೆನ್ನಾಗಿದೆ” ಅಂದೆ.

ಗರಗಸದಣ್ಣನೂ ನಿಯಮ ತಪ್ಪಿರಲಿಲ್ಲ. ಅತ್ತೆ ಉಜ್ಜಿಟ್ಟ ಕೋಲನ್ನು ಮೆತ್ತಗಿನ ಕಲ್ಲೆಂದು ನೀರಿನ ಗರಗಸಕ್ಕೆ ಕೊಡದೆ ಉಳಿಯಲ್ಲಿ ಒಣದಾಗಿ ಸೀಳಿದ್ದ. ಪುಡಿ ಹಾಗೇ ಚೀಲಕ್ಕೆ ಹೋಗಿತ್ತು. ಎಲ್ಲರೂ ನನ್ನ ಮಾತನ್ನು ಅಕ್ಷರಶಃ ಪಾಲಿಸಿದ್ದರು.

ನಿಜ ಹೇಳಿದರೆ ಅತ್ತೆಗೆ ಈ ಬಾಗಿಲು ಮುಚ್ಚುತ್ತದೆ. ಸುಮ್ಮನಿದ್ದರೆ ಇನ್ನೊಂದು ವರ್ಷ ಶಿಬಿರವೂ ಉಳಿಯುತ್ತದೆ, ಕುರ್ಚಿಯೂ ಉಳಿಯುತ್ತದೆ, ನೆಲದೊಳಗೆ ಇಲ್ಲದ್ದನ್ನು ಎಲ್ಲರೂ ಹುಡುಕುತ್ತಿರುತ್ತಾರೆ. ಮಧ್ಯಾಹ್ನದವರೆಗೆ ಯೋಚಿಸಿದೆ. ಆಮೇಲೆ ಅರ್ಧ ನಿಜ ಹಿಡಿದುಕೊಂಡು ಮುಖ್ಯಸ್ಥರ ಕೋಣೆಗೆ ಹೋದೆ.

“ಸರ್, ಆ ಸೀರಿಯಂ ಹೊರಗಿಂದ ಸೇರಿದ್ದು.”

“ಹೊರಗಿಂದ ಅಂದ್ರೆ? ಎಲ್ಲಿಂದ?”

“ಎಲ್ಲಿಂದಲೋ.”

ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಮಂಗಳವಾರ ಸಂಜೆ ತನಕ ಸೇರಿಲ್ಲ ಅಂತ ಅಂದ್ಕೊಂಡ್ರೆ? ಬುಧವಾರ ಬೆಳಿಗ್ಗೆ ಸೇರಲಿ.”

“ಆಗಲ್ಲ ಸರ್. ನಾನು ಸಹಿ ಹಾಕಲ್ಲ.”

“ನೀನು ಇಷ್ಟು ಮಾತಾಡಿದ್ದು ಇದೇ ಮೊದಲು ಕಣಮ್ಮ” ಅಂದರು. “ಅದೂ ಇಂಥ ಮಾತು. ಸರಿ, ಅವರ ಮುಂದೆ ನೀನೇ ಓದು. ನನಗೆ ಬಾಯಿ ಬರಲ್ಲ.”

ಮಂಗಳವಾರ ಪರಿಣತರು ಬಂದರು. ಸಣಕಲು ದೇಹ, ಸೀಸೆಯ ತಳದಂಥ ದಪ್ಪ ಗಾಜಿನ ಕನ್ನಡಕ. ನಾನು ಕಾಗದ ಓದಿದೆ: ಒಂಬತ್ತನೇ ಬೋರಿನ ಎಂಟು ಮೀಟರಿನ ಫಲಿತಾಂಶ ನಂಬುವಂತಿಲ್ಲ, ಮಾದರಿಗೆ ಹೊರಗಿನ ಸೀರಿಯಂ ಬೆರೆತಿದೆ, ಮೂಲ ತಿಳಿದಿಲ್ಲ. ಪರಿಣತರು ಕಾಗದ ಇಸಿದುಕೊಂಡು ಮೂಗಿಗೆ ತಾಗಿಸಿ ನೋಡಿದರು, ದೂರ ಹಿಡಿದು ನೋಡಿದರು.

ಮೂಲೆಯ ಕುರ್ಚಿಯಿಂದ ಅತ್ತೆಗೆ ತಡೆಯಲಾಗಲಿಲ್ಲ.

“ಅಯ್ಯೋ, ಗಾಜೆಲ್ಲ ಗೀರು ಬಿದ್ದಿದೆಯಲ್ಲ ಸ್ವಾಮಿ! ಇದರಲ್ಲಿ ಕಲ್ಲು ನೋಡೋಕೆ ಬಂದಿದೀರಾ? ಕೊಡಿ ಇತ್ಲಾಗೆ.”

ಅವರು ಏನು ಎತ್ತ ಅನ್ನುವುದರೊಳಗೆ ಕನ್ನಡಕ ಅತ್ತೆಯ ಕೈಯಲ್ಲಿತ್ತು. ಚೀಲದಿಂದ ಡಬ್ಬಿ ಹೊರಬಂತು, ತಳದಲ್ಲಿ ಇನ್ನೂ ಚೂರು ಪುಡಿ ಉಳಿದಿತ್ತು. ಸೆರಗಿನ ತುದಿ ಒದ್ದೆಯಾಯಿತು. “ನನ್ನ ಮಗನ ಅಂಗಡಿ ಪುಡಿ. ಗಾಜಿಗೆ ಇದರಂಥದು ಇನ್ನೊಂದಿಲ್ಲ. ಕಲ್ಲಿಗೂ ಅಷ್ಟೇ. ಅಗೋ, ಆ ಎರಡು ಪೆಟ್ಟಿಗೆ ನಾನೇ ಇದರಲ್ಲಿ ಉಜ್ಜಿದ್ದು. ಹೆಂಗೆ ಹೊಳೀತಿದೆ ನೋಡಿ! ನನ್ನ ಸೊಸೇನೂ ಚೆನ್ನಾಗಿದೆ ಅಂದ್ಲು.”

ಮುಖ್ಯಸ್ಥರು ಕುರ್ಚಿ ಹುಡುಕಿ ಕೂತರು. ಪರಿಣತರು ಡಬ್ಬಿ ತೆಗೆದುಕೊಂಡರು. ಕನ್ನಡಕವಿಲ್ಲದೆ ಅವರಿಗೆ ಸಣ್ಣಕ್ಷರ ಕಾಣಲಿಲ್ಲ. ಡಬ್ಬಿಯನ್ನು ನನ್ನತ್ತ ಚಾಚಿದರು.

“ಏನಂತ ಬರೆದಿದೆ ಓದಮ್ಮ.”

ಗಾಜು ಉಜ್ಜುವ ಪುಡಿ ಅಂತ ಓದಬಹುದಿತ್ತು. ಸುಳ್ಳೂ ಆಗುತ್ತಿರಲಿಲ್ಲ. ಅತ್ತೆ ನನ್ನನ್ನೇ ನೋಡುತ್ತಿದ್ದರು, ಹೆಮ್ಮೆಯಿಂದ.

“ಸೀರಿಯಂ ಆಕ್ಸೈಡ್” ಎಂದು ಓದಿದೆ.

ಪರಿಣತರ ಭುಜ ಕುಲುಕತೊಡಗಿತು. ಕೆಮ್ಮು ಅಂದುಕೊಂಡೆವು. ನಗು. ನಗುತ್ತಲೇ ಕನ್ನಡಕ ಹಾಕಿಕೊಂಡು ಅತ್ತ ಇತ್ತ ನೋಡಿ, “ಗೀರು ಹೋಗಿಲ್ಲ ತಾಯಿ, ಆದ್ರೆ ಅಡ್ಡಿಯಿಲ್ಲ” ಅಂದರು. ಆಮೇಲೆ ಬೇರೆ ಬೋರುಗಳ ಕಾಗದ ತರಿಸಿ, ಒಟ್ಟು ಮೊತ್ತದ ಮೇಲೆ ಅಂಗೈ ಮುಚ್ಚಿಕೊಂಡು, ನಿಯೋಡಿಮಿಯಂ ಒಂದನ್ನೇ ಓದಿದರು. ನಾಲ್ಕನೇ ಬೋರಿನಲ್ಲಿ, ಕಿರಿ ಸೊಸೆ ಕೊಂಚ ಹೆಚ್ಚಿದ್ದ ಕಡೆ, ಸ್ವಲ್ಪ ಹೊತ್ತು ನಿಂತರು. ಆ ಕಾಗದ ಮಡಿಸಿ ಜೇಬಿಗಿಟ್ಟು ಹೊರಟುಹೋದರು.

ಆ ಸಂಜೆ ಮನೆಯಲ್ಲಿ ಅತ್ತೆ ಒಂದೇ ಮಾತಾಡಿದರು. “ನನ್ನಿಂದ ಅಷ್ಟು ಜನರ ಹೊಟ್ಟೆ ಮೇಲೆ ಕಲ್ಲು ಬಿತ್ತಾ?”

“ಇಲ್ಲ” ಅಂದೆ. ಇನ್ನೂ ಹೇಳಬೇಕಿತ್ತು. ಬರಲಿಲ್ಲ. ಮರುದಿನ ಎಂಟಕ್ಕೆ ನಾನೊಬ್ಬಳೇ ಹೊರಟೆ.

ಹತ್ತು ದಿನಕ್ಕೆ ಪತ್ರ ಬಂತು. ನಾಲ್ಕನೇ ಬೋರಿನ ಪಕ್ಕದಲ್ಲಿ ಇನ್ನೆರಡು ಕೊರೆಯಿರಿ, ಆಮೇಲೆ ನೋಡೋಣ. ಕೆಳಗೆ ಒಂದು ಷರತ್ತು: ಶೆಡ್ಡಿನಲ್ಲಿ ಹಳದಿ ಗೆರೆ ಎಳೆಯಬೇಕು, ಕೆಲಸಕ್ಕೆ ಸಂಬಂಧಪಡದವರು ಅದನ್ನು ದಾಟಕೂಡದು, ಪೆಟ್ಟಿಗೆ ಮುಟ್ಟಕೂಡದು.

ಮುಖ್ಯಸ್ಥರು ಮೊದಲ ಸಾಲಿಗೆ ಕುಣಿದು ಕೊನೆಯ ಸಾಲಿಗೆ ತಲೆ ತಗ್ಗಿಸಿದರು. “ಅತ್ತೆಗೆ ಯಾರು ಹೇಳೋದು? ನನ್ನ ಕೈಲಂತೂ ಆಗಲ್ಲಪ್ಪ. ಹೊಸ್ತಿಲ ಹತ್ತಿರ ಒಂದು ಗೆರೆ ಎಳೆದುಬಿಡಿ, ತಾನೇ ಅರ್ಥವಾಗುತ್ತೆ.”

ನಾನು ಪತ್ರವನ್ನು ಎರಡು ಸಲ ಓದಿದೆ. ಗೆರೆ ಎಲ್ಲಿ ಎಳೆಯಬೇಕೆಂದು ಬರೆದಿರಲಿಲ್ಲ. ಬಣ್ಣದ ಡಬ್ಬಿ ತಂದೆ. ಗರಗಸದಣ್ಣ ಹೊಸ್ತಿಲಲ್ಲಿ ದಾರ ಹಿಡಿದು ಕೂತ.

“ಅಲ್ಲಲ್ಲ, ಇನ್ನೂ ಒಳಗೆ” ಅಂದೆ.

“ಎಲ್ಲಿ ತನಕ ಅಕ್ಕಾ?”

ಟೀ ಮೇಜು, ಫ್ಯಾನು, ನೀರಿನ ಹೂಜಿ, ಕುರ್ಚಿ ಇಷ್ಟೂ ಗೆರೆಯ ಹೊರಗೆ, ಬಾಗಿಲ ಕಡೆ ಉಳಿಯುವ ತನಕ ದಾರವನ್ನು ಒಳಗೆ ಸರಿಸಿದೆವು. ಕುರ್ಚಿಯಿಂದ ಪೆಟ್ಟಿಗೆಗಳೆಲ್ಲ ಕಾಣಬೇಕಿತ್ತು. ಅದಕ್ಕೆ ಒಂದು ಕಡೆ ಕಂಬ ಸುತ್ತಿ ಬರಬೇಕಾಯಿತು. ಮುಖ್ಯಸ್ಥರು ಬಂದು ನೋಡಿದರು. ಶೆಡ್ಡಿನ ಕಾಲುಭಾಗ ಹೋಗಿತ್ತು.

“ಗೆರೆ ಬಹಳ ಒಳಗೆ ಬಂದ ಹಾಗಿದೆ?”

“ಹೌದು ಸರ್.”

ಅವರು ಫ್ಯಾನನ್ನು ಸರಿಮಾಡಲು ಹೋಗಿ ಬಿಟ್ಟರು. “ಸರಿ” ಅಂದರು.

ಮರುದಿನ ಬೆಳಿಗ್ಗೆ ಗೋಡೆ ನೋಡುತ್ತ ಕೂತಿದ್ದ ಅತ್ತೆಯ ಎದುರು ನಿಂತೆ. “ಹೊರಡಿ. ನಿಮ್ಮ ಕುರ್ಚಿ ಅಲ್ಲೇ ಇದೆ. ಕಲ್ಲು ಮಾತ್ರ ಮುಟ್ಟೋ ಹಾಗಿಲ್ಲ.” ಅತ್ತೆ ಎದ್ದು ಚಪ್ಪಲಿ ಹುಡುಕಿದರು.

ಶೆಡ್ಡಿನಲ್ಲಿ ಗೆರೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಕಂಬದ ಹತ್ತಿರ ಕಣ್ಣು ನಿಂತಿತು.

“ಯಾರು ಬಳಿದಿದ್ದು ಇದನ್ನ? ಎತ್ತು ಉಚ್ಚೆ ಹುಯ್ದ ಹಾಗಿದೆ.”

“ನಾನು.”

ಅತ್ತೆ ಗೆರೆಯನ್ನು ಇನ್ನೊಂದು ಸಲ ನೋಡಿದರು, ಆಮೇಲೆ ಕುರ್ಚಿಯನ್ನು, ಆಮೇಲೆ ನನ್ನನ್ನು. ಹೋಗಿ ಕೂತರು. ಕಾಲಿನ ತುದಿ ಗೆರೆಗೆ ತಾಗದಂತೆ ಹಿಂದಕ್ಕೆಳೆದುಕೊಂಡು, ಒಳಗೆ ಕೈ ಮಾಡಿ ಕೂಗಿದರು:

“ಏ ಗರಗಸದಣ್ಣ! ಆ ಮೂರನೇ ಸಾಲಿನ ಕೆಳಗೆ ಹತ್ತು ದಿನದಿಂದ ಗುಡಿಸಿಲ್ಲ ಅಲ್ವೇನೋ?”