ಎರಡು ದೇಶದ ಮಂಚ

ಸವಣೂರಿನ ಕಟಗಿ ಅಡ್ಡೆಯನ್ನು ತನ್ನ ಅಣ್ಣಂದಿರು ಭಾಗ ಮಾಡಿಕೊಂಡದ್ದು ನ್ಯೂಜಿಲೆಂಡ್ ಮತ್ತು ಉರುಗ್ವೆ ದೇಶಗಳ ಸಲುವಾಗಿ ಎಂದು ದಿಲ್ಶಾದ ಹೇಳಿದಾಗ ಹುಲಗೂರಿನ ಬೀಗರು ಮೊದಮೊದಲು ನಂಬಲಿಲ್ಲ.

ಅವಳ ಅಪ್ಪನ ಕಾಲದಲ್ಲಿ ಜಗಳಕ್ಕೆ ಆಸ್ಪದವೇ ಇರಲಿಲ್ಲ. ಗುಜರಾತಿನ ಬಂದರಿನಲ್ಲಿಳಿದು, ಅಲ್ಲೇ ಕೊಯ್ಸಿಕೊಂಡು, ಲಾರಿಯಲ್ಲಿ ಅವರ ಅಡ್ಡೆಗೆ ಬರುತ್ತಿದ್ದ ಪೈನ್ ಹಲಗೆಯೆಲ್ಲ ನ್ಯೂಜಿಲೆಂಡಿನದು. ಅಪ್ಪ ತೀರಿಕೊಂಡ ಮೇಲೆ ಗಾಳಿ ತಿರುಗಿತು. ದಿಮ್ಮಿಯ ಹುಳ ಸಾಯಿಸಲು ಯಾವ ಗ್ಯಾಸ್ ಹೊಡೆಯಬೇಕು ಎಂಬುದರಲ್ಲಿ ಆ ದೇಶದ ನಿಯಮಕ್ಕೂ ನಮ್ಮ ದೇಶದ ನಿಯಮಕ್ಕೂ ತಾಳೆಯಾಗದೆ ಅಲ್ಲಿನ ಮಾಲಿನ ಆವಕ ಇಳಿಯಿತು, ಉರುಗ್ವೆಯದು ಏರಿತು. ಕಿರಿಯಣ್ಣ ಖಲಂದರ ಏರುವ ಕಡೆ ಹೋದ. ಹಿರಿಯಣ್ಣ ಅಫ್ಜಲ ಅಪ್ಪನ ಕಡೆ ಉಳಿದ. ಅಡ್ಡೆಯ ನಡುವೆ ತಗಡಿನ ಗೋಡೆ ಎದ್ದಿತು. ಊಟ ಒಂದೇ ಮನೆಯಲ್ಲಿ. ಮಾತು ಮಾತ್ರ ಅವ್ವ ಬಿಬಿಜಾನಳ ಮೂಲಕ.

ದಿಲ್ಶಾದಳ ಮದುವೆ ಗೊತ್ತಾದಾಗ ಮಂಚ ಮಾಡಿಸುವ ಮಾತು ಬಂತು.

"ನ್ಯೂಜಿಲೆಂಡ್ ಮಂಚ ಅಂದ್ರ ಮೊಮ್ಮಕ್ಕಳ ತನಕ ಬರ್ತದ ಅಂತ ಅವಗ ಹೇಳವ್ವ," ಎಂದ ಅಫ್ಜಲ.

"ಮಂಚ ಬರ್ತದ, ಮಾಲ ಎಲ್ಲಿಂದ ಬರ್ತದ ಅಂತ ಕೇಳವ್ವ," ಎಂದ ಖಲಂದರ, ಅವನ ಮಗ್ಗುಲಲ್ಲೇ ಕುಂತು.

ಬಿಬಿಜಾನ ಯಾವುದನ್ನೂ ದಾಟಿಸಲಿಲ್ಲ. ಇಬ್ಬರಿಗೂ ಇನ್ನೊಂದೊಂದು ರೊಟ್ಟಿ ಹಾಕಿದಳು.

ಹಿರಿಯನ ಮಾತೇ ನಡೆಯಿತು. ಆದರೆ ಬಡಿಗೇರ ಕರಿಬಸಪ್ಪ ಮಂಚದ ಕಾಲು, ತಲೆಕಡೆಯ ಹಲಗೆ ಮುಗಿಸುವಷ್ಟರಲ್ಲಿ ಅಫ್ಜಲನ ಮಾಲು ತೀರಿತು. ಹುಬ್ಬಳ್ಳಿಯ ದಲಾಲರಿಗೆ ಫೋನ್ ಮಾಡಿದ. ಹಡಗೇ ಬಂದಿಲ್ಲ ಎಂದರು. ಮುಂದಿನ ವಾರ ನಿಕಾಹ್; ಮಂಚಕ್ಕೆ ಪಕ್ಕದ ಪಟ್ಟಿಗಳೇ ಇಲ್ಲ.

ಮರುದಿನ ಮುಂಜಾನೆ ಅಫ್ಜಲನ ಕಡೆ ನೀಳ ಹಲಗೆಗಳು ತಗಡಿನ ಗೋಡೆಗೆ ಒರಗಿ ನಿಂತಿದ್ದವು. ಎಲ್ಲಿಂದ ಬಂದವೆಂದು ಯಾರೂ ಕೇಳಲಿಲ್ಲ.

"ಇದರ ಬಣ್ಣ ಬ್ಯಾರೆ ಐತಲ್ರಿ," ಎಂದ ಕರಿಬಸಪ್ಪ.

"ಪಾಲಿಶ್ ಹಚ್ಚು," ಎಂದ ಅಫ್ಜಲ.

ಇಬ್ಬರ ಮಾಲೂ ಒಂದೇ ಮಂಚದಲ್ಲಿ ಕೂಡಿತೆಂದು ದಿಲ್ಶಾದಳಿಗೆ ಖುಷಿಯಾಯಿತು. ಆದರೆ ಯಾರ ಮುಂದೆ ಹೇಳುವುದು? ಒಬ್ಬನಿಗೆ ಹೇಳಿದರೆ ಇನ್ನೊಬ್ಬನಿಗೆ ಸಿಟ್ಟು.

ಮದುವೆಯಾಗಿ ಕೆಲವು ವಾರಕ್ಕೆ ಮಂಚ ಕಿರುಗುಟ್ಟತೊಡಗಿತು. ಫೋನಿನಲ್ಲಿ ಅವ್ವನ ಮುಂದೆ ಒಂದು ಮಾತು ಆಡಿದಳು, ಅಷ್ಟೆ. ಶುಕ್ರವಾರ ಸಂಜೆ ಅಣ್ಣಂದಿರಿಬ್ಬರೂ ಹುಲಗೂರಿಗೆ ಬಂದರು, ಬೇರೆ ಬೇರೆ ಬೈಕಿನ ಮೇಲೆ. ಚಹಾ ಮುಟ್ಟದೆ ಮಂಚದ ಕೆಳಗೆ ಹೊಕ್ಕರು.

"ಕಾಲು ಗಟ್ಟಿ ಅದಾವ. ಪಟ್ಟಿನೇ ಸದ್ದು ಮಾಡಾಕತ್ತದ," ಎಂದು ಅಫ್ಜಲನ ದನಿ ಕೇಳಿಸಿತು.

"ಕಾಲು ಹಿಡಕೊಂಡಿಲ್ಲ ಅಂದ್ರ ಪಟ್ಟಿ ಏನ್ ಮಾಡ್ತದ?" ಖಲಂದರನ ದನಿ.

ನಡುವೆ ಅವ್ವ ಇರಲಿಲ್ಲ. ಅದು ಇಬ್ಬರ ಗಮನಕ್ಕೂ ಬರಲಿಲ್ಲ. ಬಾಗಿಲಲ್ಲಿ ನಿಂತಿದ್ದ ದಿಲ್ಶಾದಳಿಗೆ ಮಂಚ ಇನ್ನಷ್ಟು ಹೊತ್ತು ಕಿರುಗುಟ್ಟಲಿ ಎನ್ನಿಸಿತು.

ನಮಾಜು ಮುಗಿಸಿ ಬಂದ ಅವಳ ಗಂಡ ಮೌಲಾಲಿ ಬಗ್ಗಿ ನೋಡಿದ. "ಆ ಮೂಲ್ಯಾಗ ನೆಲದ ಫರಸಿ ಕುಸದೈತ್ರಿ ಭಾಯಿ," ಎಂದು ಮಂಚದ ಕಾಲಿನಡಿ ರಟ್ಟಿನ ಚೂರು ತುರುಕಿದ. ಸದ್ದು ನಿಂತಿತು. ದಿಲ್ಶಾದ ಅವನನ್ನು ಕೆಕ್ಕರಿಸಿ ನೋಡಿದಳು. ತಾನೇನು ತಪ್ಪು ಮಾಡಿದೆನೆಂದು ಅವನಿಗೆ ತಿಳಿಯಲಿಲ್ಲ.

ಅಣ್ಣಂದಿರು ಹೊರಬಂದು ತಲೆಯ ಧೂಳು ಕೊಡವಿಕೊಂಡರು.

"ಫರಸಿ ಹಾಕಿದವ ಯಾರು?" ಎಂದ ಅಫ್ಜಲ.

"ಯಾರರ ಆಗಲಿ, ಕೆಲಸ ಬರೂದಿಲ್ಲ ಅವಗ," ಎಂದ ಖಲಂದರ.

"ಹೌದು," ಎಂದ ಅಫ್ಜಲ.

ಆ ಮಳೆಗಾಲದಲ್ಲಿ ಇಬ್ಬರೂ ಸೇರಿ ಒಂದೇ ಲಾರಿಯಲ್ಲಿ ಮಾಲು ತರಿಸಿದರು. ಬಾಡಿಗೆ ಉಳಿಯುತ್ತದಲ್ಲ ಎಂದು ಒಬ್ಬೊಬ್ಬರೂ ದಿಲ್ಶಾದಳಿಗೆ ಬೇರೆ ಬೇರೆಯಾಗಿ ಫೋನ್ ಮಾಡಿ ಹೇಳಿದರು.